ಬೆನ್ನಿಲ್ಲದ ಜೀಪು

ನಮ್ಮ ಊರಿನ ಗಡಿಕಲ್ಲು ದಾಟಿದ ಮೇಲೆ ಯಾವ ಗಾಡಿಯೂ ಊರಿಗೆ ಬೆನ್ನು ಮಾಡುವಂತಿಲ್ಲ. ಮಾಡಿದರೆ ಎಂಜಿನ್ ನಿಲ್ಲುತ್ತದೆ. ಬಾನೆಟ್ಟು ಊರಿನ ದಿಕ್ಕಿನಿಂದ ತೊಂಬತ್ತನಾಲ್ಕು ಡಿಗ್ರಿ ಹೊರಳುವವರೆಗೆ ಓಡುತ್ತದೆ, ತೊಂಬತ್ತೈದಕ್ಕೆ ನಿಲ್ಲುತ್ತದೆ. ಈ ಅಂಕಿಯನ್ನು ನಾನೇ ಶಾಲೆಯ ಕೋನಮಾಪಕ ಹಿಡಿದು ಮೂರು ಸಲ ಅಳೆದು ಪತ್ರಿಕೆಯಲ್ಲಿ ಬರೆದಿದ್ದೇನೆ. ಅದಕ್ಕೂ ಮೊದಲು ಜನ ‘ಅರ್ಧಕ್ಕಿಂತ ತುಸು ಹೆಚ್ಚು’ ಎಂದು ಹೇಳಿಕೊಂಡು ಕಾಲ ತಳ್ಳುತ್ತಿದ್ದರು.

ಆದ್ದರಿಂದ ಊರಿನಿಂದ ಹೊರಡುವ ಬಸ್ಸು, ಲಾರಿಗಳೆಲ್ಲ ಹಿಂದುಮುಂದಾಗಿ ಹೊರಡುತ್ತವೆ. ಹದಿನಾಲ್ಕು ಕಿಲೋಮೀಟರ್ ದೂರದ ಕ್ರಾಸಿನಲ್ಲಿ ಹೊರಗಿನ ಬಸ್ಸುಗಳು ಸಿಗುತ್ತವೆ. ಅಲ್ಲಿಗೆ ಹೋಗಲು ರಿವರ್ಸ್ ಗೇರಿನಲ್ಲಿ ಒಂದು ಗಂಟೆ ಐವತ್ತು ನಿಮಿಷ ಬೇಕು, ಬರಲು ಇಪ್ಪತ್ತೈದು ನಿಮಿಷ ಸಾಕು. ಜನ ಹೋಗುವಾಗ ಬುತ್ತಿ ಕಟ್ಟುತ್ತಾರೆ, ಬರುವಾಗ ಕಟ್ಟುವುದಿಲ್ಲ. ಮೋಟರ್‌ಸೈಕಲ್ ಇರುವವರು ಅದನ್ನು ಕಲ್ಲಿನ ಹತ್ತಿರ ಚಹಾದಂಗಡಿಯ ಮುಂದೆ ನಿಲ್ಲಿಸಿ ಬಸ್ಸು ಹತ್ತುತ್ತಾರೆ. ನಮ್ಮ ಚಾಲಕರಿಗೆ ಎಡ ಹೆಗಲ ಮೇಲಿಂದ ಹಿಂದೆ ನೋಡುತ್ತಲೇ ವಯಸ್ಸಾಗುತ್ತದೆ. ಅವರ ಅಂಗಿಯ ಎಡಗಡೆಯ ಕಾಲರು ಬೇಗ ಸವೆಯುತ್ತದೆಂದು ದರ್ಜಿಗಳು ಆ ಭಾಗಕ್ಕೆ ಎರಡು ಪದರ ಬಟ್ಟೆ ಹಾಕಿ ಹೊಲಿಯುತ್ತಾರೆ.

ಚನ್ನವೀರಪ್ಪ ಇಪ್ಪತ್ತಾರು ವರ್ಷ ಕ್ರಾಸಿನ ಬಸ್ಸು ಓಡಿಸಿದವರು. ಅವರ ಕತ್ತು ಎಡಕ್ಕೆ ಹೊರಳಿದ್ದು ಹಾಗೆಯೇ ನಿಂತುಬಿಟ್ಟಿತ್ತು. ಊಟಕ್ಕೆ ಗೋಡೆಗೆ ಬಲಗೈ ತಾಗುವಂತೆ ಅಡ್ಡಲಾಗಿ ಕೂಡುತ್ತಿದ್ದರು. ಹೆಂಡತಿ ನೀಲವ್ವ ಯಾವಾಗಲೂ ಎಡಗಡೆ ಕೂಡುತ್ತಿದ್ದರು. ಬೆನ್ನ ಹಿಂದೆ ಕೂಡುವ ತಮ್ಮ ಹತ್ತು ವರ್ಷದಿಂದ ಅಣ್ಣನ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಊರಿಗೆ ಮರಳುವಾಗ ಬಸ್ಸನ್ನು ಮುಂದಕ್ಕೆ ಓಡಿಸಬೇಕಲ್ಲ, ಆಗ ಸೀಟಿನಲ್ಲಿ ಬಲಕ್ಕೆ ತಿರುಗಿ ಕುಳಿತು ಮುಖವನ್ನು ರಸ್ತೆಗೆ ತಂದುಕೊಳ್ಳುತ್ತಿದ್ದರು.

ಅರವತ್ತು ತುಂಬುವ ವರ್ಷ ಪ್ರತಿಯೊಬ್ಬ ಚಾಲಕನಿಗೂ ಕತ್ತಿನ ಪರೀಕ್ಷೆ ಇರುತ್ತದೆ. ಪರೀಕ್ಷಕರು ಹಿಂದೆ ನಿಂತು ಬೆರಳು ಎತ್ತುತ್ತಾರೆ, ಚಾಲಕ ಎಣಿಸಬೇಕು. ಚನ್ನವೀರಪ್ಪ ಹತ್ತಕ್ಕೆ ಹತ್ತೂ ಸರಿ ಹೇಳಿದರು. ಆಮೇಲೆ ಪರೀಕ್ಷಕರು ಎದುರಿಗೆ ಬಂದು ಬೆರಳು ಎತ್ತಿದರು. ಕುರ್ಚಿಯನ್ನು ನೆಲಕ್ಕೆ ಬೋಲ್ಟು ಹಾಕಿ ಕೂಡಿಸಿದ್ದರು, ತಿರುಗಿ ಕೂಡಲು ಆಗಲಿಲ್ಲ.

“ಎಲ್ಲದೀರಿ ಸಾಹೇಬ್ರ?” ಎಂದು ಚನ್ನವೀರಪ್ಪ ಕೇಳಿದರು.

ಲೈಸೆನ್ಸು ತಿಂಗಳ ಕೊನೆಯ ದಿನ, ಅಂದರೆ ಮೂವತ್ತನೇ ತಾರೀಕು ಶನಿವಾರ, ಸೂರ್ಯ ಮುಳುಗುವ ತನಕ ಮಾತ್ರ ನಡೆಯುತ್ತದೆ ಎಂದು ಬರೆದುಕೊಟ್ಟರು. ಆಮೇಲೆ ಸ್ಟೀರಿಂಗ್ ಮುಟ್ಟುವಂತಿಲ್ಲ.

ಎರಡನೇ ತಾರೀಕು ಬೆಳಿಗ್ಗೆ ಹನ್ನೊಂದಕ್ಕೆ ಅವರು ನಮ್ಮ ಪತ್ರಿಕೆಯ ಕಚೇರಿಗೆ ಬಂದರು. ಕುರ್ಚಿಯನ್ನು ಅಡ್ಡ ಎಳೆದುಕೊಂಡು ನನಗೆ ಮುಖ ಸಿಗುವಂತೆ ಕುಳಿತರು.

“ಪೇಪರ್‌ನವರ, ನಾನು ಇಪ್ಪತ್ತಾರು ವರ್ಷ ಈ ಊರು ಬಿಟ್ಟು ಹೋಗೀನಿ. ದಿನಕ್ಕ ಮೂರು ಸಲ. ಒಂದ್ ಸಲಾನೂ ಬಿಟ್ಟು ಹೋದಂಗ ಅನಿಸಿಲ್ಲ.”

“ಅಂದರೆ?”

“ಊರು ಎದುರಿಗೇ ಇರ್ತೈತಲ್ರಿ. ಎದುರಿಗೆ ಇದ್ದದ್ದನ್ನ ಬಿಟ್ಟು ಹೋಗೋದು ಹೆಂಗ? ಕ್ರಾಸಿಗೆ ಬರೋ ಹೊರಗಿನ ಡ್ರೈವರ್‌ಗಳು ಹೇಳ್ತಾರ, ಅವರೂರು ಅವರಿಗೆ ಕನ್ನಡಿಯಾಗ ಕಾಣ್ತೈತಂತ. ಸಣ್ಣಕ ಆಗ್ತಾ ಆಗ್ತಾ ಹೋಗ್ತೈತಂತ. ನನಗೂ ಒಂದ್ ಸಲ ಹಂಗ ಕಾಣಬೇಕು. ಕೈ ಸ್ಟೀರಿಂಗ್ ಮ್ಯಾಲ ಇರಬೇಕು, ದಾರಿ ಮುಂದ ಇರಬೇಕು, ಊರು ಕನ್ನಡಿಯಾಗ ಇರಬೇಕು. ಇಷ್ಟ.”

ಒಂದು ಕನ್ನಡಿ ಹಿಡಿದು ಗುಡ್ಡಕ್ಕೆ ನಡೆದುಹೋಗಿ ಊರಿಗೆ ಬೆನ್ನು ಮಾಡಿ ನಿಂತರೆ ಸಾಕಲ್ಲವೇ ಎಂದೆ. ನಿಯಮ ಗಾಡಿಗಳಿಗೆ ಇದೆ, ಮನುಷ್ಯರಿಗೆ ಇಲ್ಲ.

“ನಡಕೊಂಡ್ ಹೋಗಾವ ಡ್ರೈವರ್ ಏನ್ರಿ?” ಎಂದರು.

ನನ್ನಿಂದ ಏನಾಗಬೇಕೆಂದು ಕೇಳಿದೆ. “ನೀವು ಸಂಗಾಟ ಬಂದು ನೋಡಿ ಬರೀಬೇಕು. ನಾ ಹೇಳಿದ್ರ ಮಂದಿ ನಂಬಂಗಿಲ್ಲ. ದಾವಲಸಾಬ ಹೇಳಿದ್ರಂತೂ ಇದ್ದದ್ದೂ ಹೋಗ್ತೈತಿ.”

ದಾವಲಸಾಬ ಮಾರ್ಕೆಟ್ಟಿನ ಹಿಂದೆ ಗ್ಯಾರೇಜು ಇಟ್ಟುಕೊಂಡ ಮೆಕ್ಯಾನಿಕ್. ಚನ್ನವೀರಪ್ಪನವರ ಓರಿಗೆಯವರು. ಯಾವುದೋ ಇಲಾಖೆಯ ಹರಾಜಿನಲ್ಲಿ ಸಿಕ್ಕ ಹಳೆಯ ಜೀಪೊಂದನ್ನು ನಾಲ್ಕು ವರ್ಷದಿಂದ ಕಾಡುದಾರಿಗೆಂದು ಸಜ್ಜು ಮಾಡುತ್ತಿದ್ದರು. ಪಾಟಾಗಳನ್ನು, ಅಂದರೆ ಗಾಲಿಯ ಮೇಲಿನ ಸ್ಪ್ರಿಂಗುಗಳನ್ನು, ಏರಿಸಿ ಜೀಪನ್ನು ಒಂದು ಗೇಣು ಎತ್ತರ ಮಾಡಿದ್ದರು. ಸಣ್ಣ ಕಲ್ಲಿನ ಹಳ್ಳಿನ ಮೇಲೆ ಜಾರದಂಥ ದೊಡ್ಡ ಟೈರು ಹಾಕಿದ್ದರು. ಕಲ್ಲು ಬಡಿಯದಂತೆ ಹೊಟ್ಟೆಯ ಕೆಳಗೆ ದಪ್ಪ ತಗಡು ಹೊಡೆದಿದ್ದರು. ಕೆಸರಿನಲ್ಲಿ ಸಿಕ್ಕರೆ ತಾನೇ ಹಗ್ಗ ಸುತ್ತಿಕೊಂಡು ಮೇಲೆ ಬರಲೆಂದು ಮುಂದುಗಡೆ ವಿಂಚು ಕೂಡಿಸಿದ್ದರು. ನೀರಿಗೆ ಇಳಿದರೂ ಎಂಜಿನ್ ಉಸಿರಾಡಲೆಂದು ಒಂದು ಪೈಪನ್ನು ಚಾವಣಿಯವರೆಗೆ ಎತ್ತಿ ನಿಲ್ಲಿಸಿದ್ದರು. ಆ ಪೈಪಿಗೆ ಕೆಲಸ ಕೊಡುವಷ್ಟು ಆಳದ ನೀರು ನಮ್ಮಲ್ಲಿ ಇರುವುದು ಕುಡಿಯುವ ನೀರಿನ ಟ್ಯಾಂಕಿನಲ್ಲಿ ಮಾತ್ರ. ಇಷ್ಟೆಲ್ಲ ಆದರೂ ಆ ಜೀಪು ನಾಲ್ಕು ವರ್ಷದಲ್ಲಿ ಗ್ಯಾರೇಜಿನಿಂದ ಕಲ್ಲಿನ ತನಕವೂ ಹೋಗಿರಲಿಲ್ಲ.

“ಹೋಗಾಕ ತಯಾರಾಗಬೇಕಲ್ಲ ಮದ್ಲ,” ಎಂದರು ದಾವಲಸಾಬ.

ಬಸ್ ರಸ್ತೆ ಈ ಕೆಲಸಕ್ಕೆ ಬರುವಂತಿರಲಿಲ್ಲ. ಕಲ್ಲು ದಾಟಿದ ಮುನ್ನೂರು ಮೀಟರಿಗೆ ಅದು ಹಳೆಯ ಕಲ್ಲುಗಣಿಯ ಗೋಡೆಗಳ ನಡುವೆ ಇಳಿದುಬಿಡುತ್ತದೆ, ಅಷ್ಟರಲ್ಲಿ ಕಾಣುವುದು ಬೇಳೆ ಗಿರಣಿಯ ಹಿಂಭಾಗವೊಂದೇ. ಇಡೀ ಊರು ಕಾಣುವುದು ಪಡುವಣದ ಗುಡ್ಡದ ಮೇಲಿನಿಂದ. ಅಲ್ಲಿಗೆ ಹತ್ತೊಂಬತ್ತು ಕಿಲೋಮೀಟರ್ ಕಲ್ಲುದಾರಿ ಇದೆ, ಕೊನೆಯಲ್ಲಿ ಏಳು ತಿರುವು. ಮೇಲೆ ಹೋದರೆ ಗುಡ್ಡದ ನೆತ್ತಿಯ ಮೇಲೆ ಎರಡು ಕಿಲೋಮೀಟರ್ ನೇರ ದಾರಿ, ಊರಿನಿಂದ ದೂರಕ್ಕೆ ಹೋಗುವಂಥದ್ದು. ಉರುಳಿದ ಕಲ್ಲು ಸರಿಸುತ್ತ ಹೋಗುವ ನಮ್ಮ ವೇಗಕ್ಕೆ ಒಂದೇ ದಿನದಲ್ಲಿ ಹೋಗಿಬರಲು ಆಗುವುದಿಲ್ಲ, ಒಂದು ರಾತ್ರಿ ಮೇಲೆ ತಂಗಬೇಕು. ಹಾಗಾಗಿ ಜೀಪಿನಲ್ಲಿ ಮಲಗುವ, ಅಡುಗೆ ಮಾಡುವ ಏರ್ಪಾಡೂ ಬೇಕಾಯಿತು.

ದಾವಲಸಾಬರ ಮೊದಲ ಯೋಜನೆ ಸರಳವಾಗಿತ್ತು. ಜೀಪಿನ ಹಿಂಭಾಗದಲ್ಲಿ, ಹಿಂದಕ್ಕೆ ಮುಖ ಮಾಡಿ, ಇನ್ನೊಂದು ಸೀಟು ಮತ್ತು ಇನ್ನೊಂದು ಸ್ಟೀರಿಂಗ್ ಹಾಕುವುದು. ಗುಜರಿಯಿಂದ ತಂದ ಎರಡನೇ ಗೇರ್‌ಬಾಕ್ಸನ್ನು ಮೊದಲನೆಯದಕ್ಕೆ ಜೋಡಿಸಿ ಎರಡೂ ದಿಕ್ಕಿಗೆ ನಾಲ್ಕು ನಾಲ್ಕು ಗೇರು ಬರುವಂತೆ ಮಾಡುವುದು. ಬಾನೆಟ್ಟು ಊರನ್ನು ನೋಡುತ್ತಿರುತ್ತದೆ, ಚನ್ನವೀರಪ್ಪ ದಾರಿಯನ್ನು ನೋಡುತ್ತಿರುತ್ತಾರೆ. ಹತ್ತು ದಿನದಲ್ಲಿ ಕೆಲಸ ಮುಗಿಯಿತು. ಹಿಂದುಗಡೆ ಗಾಜು, ಒರೆಸುವ ಕಡ್ಡಿ, ಎರಡು ದೀಪ, ಹಾರನ್ನು ಎಲ್ಲ ಬಂದವು. ಹನ್ನೆರಡನೇ ತಾರೀಕು ಕಲ್ಲು ದಾಟಿದೆವು. ಎಂಜಿನ್ ನಿಂತಿತು.

ಜೀಪನ್ನು ತಳ್ಳಿಕೊಂಡು ಒಳಗೆ ತಂದು, ತಿರುಗಿಸಿ, ಬಾನೆಟ್ಟನ್ನು ಹೊರಗೆ ಮಾಡಿ ನೋಡಿದೆವು. ಸಲೀಸಾಗಿ ಓಡಿತು. ಆದರೆ ಆಗ ಚನ್ನವೀರಪ್ಪ ಮತ್ತೆ ಊರನ್ನೇ ನೋಡುತ್ತಿದ್ದರು. ದಾವಲಸಾಬ ಹಿಂಭಾಗವನ್ನು ಎಷ್ಟು ಚೆನ್ನಾಗಿ ಮಾಡಿದ್ದರೆಂದರೆ ಅದೇ ಮುಂಭಾಗವಾಗಿತ್ತು.

“ಭಾಳ ಚಲೋ ಮಾಡಿದ್ರ ಹಿಂಗ ಆಗ್ತೈತಿ,” ಎಂದು ದಾವಲಸಾಬ ತಮ್ಮ ಮೇಲೆಯೇ ಬೇಸರ ಮಾಡಿಕೊಂಡರು.

ಹಾಗಾದರೆ ಗಾಡಿಯ ಮುಖ ಯಾವುದೆಂದು ನಿರ್ಧಾರವಾಗುವುದು ಯಾವುದರಿಂದ? ಈ ಪ್ರಶ್ನೆಯನ್ನು ನಮ್ಮ ಊರಿನಲ್ಲಿ ಯಾರೂ ಕೇಳಿರಲಿಲ್ಲ. ನಾನು ಒಂದು ಪಟ್ಟಿ ಮಾಡಿದೆ. ಒಂದೊಂದೇ ವಸ್ತುವನ್ನು ಬಿಚ್ಚಿ ಕಲ್ಲಿನ ತನಕ ಹೋಗಿ ನೋಡುವುದು, ಫಲಿತಾಂಶ ಬರೆದುಕೊಳ್ಳುವುದು. ದೀಪ ಬಿಚ್ಚಿದೆವು, ನಿಂತಿತು. ಹಾರನ್ ಬಿಚ್ಚಿದೆವು, ನಿಂತಿತು. ನಂಬರ್ ಪ್ಲೇಟನ್ನು ಅಲ್ಲಿಂದ ಇಲ್ಲಿಗೆ ಹಾಕಿದೆವು, ನಿಂತಿತು. ಚಹಾದಂಗಡಿಯ ಮುಂದೆ ಕೂಡುವ ಮಂದಿಗೆ ಇದು ದಿನದ ಕೆಲಸವಾಯಿತು. “ಇವತ್ತ ಯಾವ ಕಡೆ ಮಾರಿ ಇಟ್ಟೀರಿ?” ಎಂದು ಕೇಳುತ್ತಿದ್ದರು. ನಿಂತ ಜೀಪನ್ನು ತಳ್ಳಲು ಮಾತ್ರ ಯಾರೂ ಏಳುತ್ತಿರಲಿಲ್ಲ.

ಹದಿನೇಳು ಸಲ ಹೋಗಿಬಂದ ಮೇಲೆ ಪಟ್ಟಿಯಿಂದ ಒಂದು ಸಂಗತಿ ಹೊರಬಿತ್ತು. ಯಾವುದೇ ಒಂದು ವಸ್ತುವಿನಿಂದ ಮುಖ ಆಗುವುದಿಲ್ಲ. ಎರಡು ತುದಿಗಳಲ್ಲಿ ಯಾವುದು ಹೆಚ್ಚೋ ಅದು ಮುಖ, ಯಾವುದು ಕಡಿಮೆಯೋ ಅದು ಬೆನ್ನು. ಎರಡೂ ತುದಿ ಸಮ ಆಗಿಬಿಟ್ಟರೆ ಏನಾಗುತ್ತದೆ ಎಂಬುದು ಪಟ್ಟಿಯಲ್ಲಿ ಇರಲಿಲ್ಲ.

ದಾವಲಸಾಬ ಪಟ್ಟಿಯನ್ನು ಎರಡು ಸಲ ಓದಿದರು. “ಅಂದ್ರ ಬೆನ್ನು ಅನ್ನೋದು ಸಿಗಬಾರದು. ಊರು ಹುಡುಕಿದ್ರೂ ಸಿಗಬಾರದು. ಹಂಗಲ್ಲ?”

ಅಲ್ಲಿಂದ ಐದು ದಿನ ಅವರು ಗ್ಯಾರೇಜಿನಿಂದ ಹೊರಗೆ ಬರಲಿಲ್ಲ. ಮುಂದೆ ಇದ್ದದ್ದೆಲ್ಲ ಹಿಂದೆಯೂ ಬಂತು. ಹಿಂದೆ ಒಂದು ಸುಳ್ಳು ಬಾನೆಟ್ಟು ಬಂತು. ಅದರೊಳಗೆ ಎಂಜಿನ್ ಬದಲು ಸೀಮೆಎಣ್ಣೆ ಸ್ಟವ್ವು, ಹಿಟ್ಟಿನ ಡಬ್ಬಿ, ನೀರಿನ ಕ್ಯಾನು. ಮೂತಿ ಎತ್ತಿದರೆ ಅಡುಗೆಮನೆ. ಎರಡನೇ ವಿಂಚು, ಎರಡನೇ ಉಸಿರುಪೈಪು, ಎರಡನೇ ನಿಂಬೆಹಣ್ಣು ಮೆಣಸಿನಕಾಯಿ. ಒಂದು ಹಾರನ್ನು ಹಳೆಯದು, ದನಿ ದಪ್ಪ. ಇನ್ನೊಂದು ಹೊಸದು, ದನಿ ಸಣ್ಣ. ಇಪ್ಪತ್ತೆರಡರಂದು ಕಲ್ಲಿನ ಆಚೆ ಎಂಜಿನ್ ನಿಲ್ಲಲಿಲ್ಲ, ಓಡಲೂ ಇಲ್ಲ, ಕೆಮ್ಮುತ್ತ ನಡುಗುತ್ತ ನಿಂತಿತ್ತು. ಎರಡೂ ಹಾರನ್ನು ಒಂದೇ ದನಿಯವು ಹಾಕಿದ ಮೇಲೆ ಕೆಮ್ಮು ಹೋಯಿತು.

ಚಾವಣಿಯ ಮೇಲಿನ ಗುಡಾರ ನೀಲವ್ವನವರದು. ಅವರು ಬರುತ್ತಾರೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

“ಮದುವ್ಯಾಗಿ ಮೂವತ್ನಾಕು ವರ್ಷ ಆತು. ಗುಡ್ಡದ ಆಚೆ ಏನೈತಿ ಅಂತ ತೋರ್ಸಿಲ್ಲ,” ಎಂದರು ಗ್ಯಾರೇಜಿಗೆ ಬಂದು.

“ನಾನೂ ನೋಡಿಲ್ಲ, ನಿನಗೇನ್ ತೋರಸ್ಲಿ?” ಎಂದರು ಚನ್ನವೀರಪ್ಪ.

“ಅದಕ್ಕ ಬರ್ತೀನಿ ಅನ್ನಾಕತ್ತೀನಿ. ಇಬ್ಬರೂ ಕೂಡಿ ನೋಡೋಣು.”

ಮನೆಯಲ್ಲಿದ್ದ ಆರು ಕೌದಿಗಳನ್ನು ಜೋಡಿಸಿ ಅವರು ಗುಡಾರ ಹೊಲಿದರು. ಮೊದಲು ಅದಕ್ಕೆ ಹಿಂದುಗಡೆ ಬಾಗಿಲು ಇಟ್ಟಿದ್ದರು. ಕಲ್ಲಿನ ಹತ್ತಿರ ಎಂಜಿನ್ ನಿಂತಿತು. ಬಾಗಿಲು ಇರುವ ಕಡೆಯೇ ಮುಂದು ಎಂದು ಊರಿಗೂ ಗೊತ್ತಿತ್ತು. ಬಾಗಿಲನ್ನು ಗುಡಾರದ ನೆಲದ ನಟ್ಟನಡುವೆ, ಜೀಪಿನ ಚಾವಣಿಗೆ ತೂತು ಕೊರೆದು ಇಟ್ಟ ಮೇಲೆ ಸರಿಯಾಯಿತು. “ಇಲಿ ಹೊಕ್ಕಂಗ ಹೋಗಬೇಕು ಇದರಾಗ,” ಎಂದು ನೀಲವ್ವ ಒಮ್ಮೆ ಹತ್ತಿ ಇಳಿದು ನೋಡಿದರು.

ಇನ್ನು ಉಳಿದದ್ದು ಕನ್ನಡಿ. ಇಷ್ಟೆಲ್ಲ ಮಾಡಿದ್ದೇ ಅದಕ್ಕಾಗಿ. ಇಪ್ಪತ್ತೇಳು ಬುಧವಾರ ದಾವಲಸಾಬ ಎರಡೂ ತುದಿಗೆ ಒಂದೇ ಅಳತೆಯ ಕನ್ನಡಿ ಹಾಕಿದರು. ಎಲ್ಲ ಸಮ ಇದೆಯೆಂದು ನಾನು ಪಟ್ಟಿಗೆ ತಾಳೆ ನೋಡಿ ಸಹಿ ಹಾಕಿದೆ. ಕಲ್ಲು ದಾಟಿದ ಕೂಡಲೇ ಎಂಜಿನ್ ನಿಂತಿತು. ಕನ್ನಡಿ ಬಿಚ್ಚಿದೆವು, ಓಡಿತು. ಚಿಕ್ಕದು ಹಾಕಿದೆವು, ನಿಂತಿತು. ಒಳಗಡೆ ಹಾಕಿದೆವು, ನಿಂತಿತು.

ಸಂಜೆಯ ತನಕ ಅಲ್ಲೇ ಕುಳಿತು ಕಾರಣ ಕಂಡುಕೊಂಡೆವು. ಕನ್ನಡಿ ಇರುವುದು ಬೆನ್ನ ಹಿಂದಿನದನ್ನು ನೋಡಲು. ಕನ್ನಡಿ ಹಾಕಿಕೊಂಡ ಗಾಡಿ ತನಗೆ ಬೆನ್ನಿದೆ ಎಂದು ತಾನೇ ಒಪ್ಪಿಕೊಂಡ ಹಾಗೆ.

ಚನ್ನವೀರಪ್ಪನವರ ಮುಖ ಚಹಾದಂಗಡಿಯ ಕಡೆಗಿತ್ತು, ಅಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ಹೋದರು. ಮೂರು ದಿನ ಉಳಿದಿತ್ತು.

“ಬಿಡ್ರಿ,” ಎಂದರು ಕೊನೆಗೆ. “ದಾರಿಯಾದ್ರೂ ನೋಡೋಣು. ಊರು ಕಾಣದಿದ್ರ ಇಲ್ಲ.”

“ಕಾಣದಿದ್ರ ಹೆಂಗ ಇಲ್ಲ?” ಎಂದರು ದಾವಲಸಾಬ. “ನಾಕು ವರ್ಷ ಈ ಗಾಡೀಗೆ ಬೈತಾ ಇದ್ದೆ, ಒಂದು ತಿಂಗಳಾತು ನಿನ್ನ ಸಲುವಾಗಿ ಮುದ್ದು ಮಾಡಾಕತ್ತೀನಿ.”

“ನಿನ್ನ ಗಾಡಿಗೆ ಬೆನ್ನಿಲ್ಲ, ನನಗ ಕತ್ತಿಲ್ಲ. ಯಾರ ಮ್ಯಾಲ ಸಿಟ್ಟು ಮಾಡ್ತಿ?”

ಶುಕ್ರವಾರ ಇಪ್ಪತ್ತೊಂಬತ್ತು, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ನಾವು ನಾಲ್ವರು ಕಲ್ಲು ದಾಟಿದೆವು. ಕನ್ನಡಿ ಇರಲಿಲ್ಲ. ಹೊರಮುಖದ ಸೀಟಿನಲ್ಲಿ ಚನ್ನವೀರಪ್ಪ, ಎಡಕ್ಕೆ ನೀಲವ್ವ. ಊರ ಕಡೆಗಿನ ಸೀಟುಗಳಲ್ಲಿ ದಾವಲಸಾಬ ಮತ್ತು ನಾನು, ಅವರಿಗೆ ಬೆನ್ನು ಕೊಟ್ಟು. ಎಂಜಿನ್ ಒಂದೇ ಸಮನೆ ಓಡುತ್ತಿತ್ತು. ನಮ್ಮ ಊರಿನ ಗಾಡಿಯೊಂದು ಊರಿನಿಂದ ಹೊರಗೆ, ಚಾಲಕನ ಕಣ್ಣೆದುರಿನ ದಾರಿಯಲ್ಲಿ, ಮೂರನೇ ಗೇರಿನಲ್ಲಿ ಹೋಗುತ್ತಿದ್ದದ್ದು ನನಗೆ ತಿಳಿದ ಮಟ್ಟಿಗೆ ಅದೇ ಮೊದಲು. ಚನ್ನವೀರಪ್ಪ ಸೀಟಿನಲ್ಲಿ ಬಲಕ್ಕೆ ತಿರುಗಿ ಕುಳಿತು ಮುಖವನ್ನು ದಾರಿಗೆ ತಂದುಕೊಂಡಿದ್ದರು.

“ಹೆಂಗೈತಿ ಚನ್ನಣ್ಣ?” ಎಂದು ದಾವಲಸಾಬ ತಿರುಗದೆಯೇ ಕೇಳಿದರು.

“ಎಲ್ಲಾ ಮೈಮ್ಯಾಲ ಬರಾಕತ್ತೈತಿ. ಗಿಡಾ, ಕಲ್ಲು, ಎಲ್ಲಾ. ಹೋಗೋವಾಗ ನನಗ ಬರೇ ಹೆಗಲ ಮ್ಯಾಲಿಂದ ನೋಡಿ ರೂಢಿ.”

ತಿರುವುಗಳಲ್ಲಿ ಜೀಪನ್ನು ತಿರುಗಿಸುವ ಕೆಲಸ ಇರಲಿಲ್ಲ. ಒಂದು ತಿರುವಿಗೆ ಬಂದು ನಿಲ್ಲುವುದು, ಈ ಸ್ಟೀರಿಂಗಿಗೆ ಕೀಲು ಹಾಕಿ ಆ ಸ್ಟೀರಿಂಗಿನ ಕೀಲು ತೆಗೆಯುವುದು, ಆ ಸೀಟಿಗೆ ಹೋಗಿ ಕೂಡುವುದು, ಮೇಲಕ್ಕೆ ಹೊರಡುವುದು. ಏಳು ತಿರುವಿನಲ್ಲಿ ಏಳು ಸಲ ಎಲ್ಲರೂ ಇಳಿದು ಸೀಟು ಬದಲಿಸಿದೆವು. ಐದನೆಯ ತಿರುವಿನಲ್ಲಿ ಸಡಿಲು ಹಳ್ಳು ಇತ್ತು. ಟೈರು ಸುಮ್ಮನೆ ಸುತ್ತಿತು. ವಿಂಚಿನ ಹಗ್ಗವನ್ನು ಬಂಡೆಗೆ ಕಟ್ಟಿದೆವು. ಎರಡು ವಿಂಚುಗಳ ಗುಂಡಿಯೂ ಒಂದೇ ಇದ್ದದ್ದರಿಂದ ಇನ್ನೊಂದು ತುದಿಯ ಹಗ್ಗವೂ ಹೊರಗೆ ಬಂದು ಗಾಳಿಯಲ್ಲಿ ಆಡುತ್ತಿತ್ತು. ಉಸಿರುಪೈಪಿಗೆ ಕೆಲಸ ಬರಲಿಲ್ಲ.

ನಾಲ್ಕೂವರೆಗೆ ನೆತ್ತಿ ಮುಟ್ಟಿದೆವು. ಕೊನೆಯ ಏರನ್ನು ಚನ್ನವೀರಪ್ಪ ಊರ ಕಡೆಗಿನ ಸೀಟಿನಿಂದ ಓಡಿಸಿದ್ದರಿಂದ ಮೇಲೆ ಬಂದ ಕೂಡಲೇ ಇಡೀ ಊರು ಅವರ ಗಾಜಿನಲ್ಲಿ ಎದ್ದು ನಿಂತಿತು. ಬಿಳಿಯ ನೀರಿನ ಟ್ಯಾಂಕು ಎಡಕ್ಕೆ, ಬೇಳೆ ಗಿರಣಿಯ ಹೊಗೆಕೊಳವೆ ಬಲಕ್ಕೆ, ನಡುವೆ ಮಾರ್ಕೆಟ್ಟಿನ ತಗಡಿನ ಚಾವಣಿ. ಅವರು ಅದನ್ನು ಪರಿಚಯದವರನ್ನು ನೋಡುವ ಹಾಗೆ ನೋಡಿ ಕೈಬ್ರೇಕು ಎಳೆದರು. ನೀಲವ್ವ ಸುಳ್ಳು ಬಾನೆಟ್ಟು ಎತ್ತಿ ಸ್ಟವ್ವು ಹೊತ್ತಿಸಿದರು. ರೊಟ್ಟಿ, ಶೇಂಗಾ ಚಟ್ನಿ, ಬಿಸಿ ಝುಣಕ. ಊರಿಗೆ ಬೆನ್ನು ಮಾಡಿ ಯಾರೂ ಕೂಡಲಿಲ್ಲ. ಕೂಡಬಹುದಿತ್ತು.

ಮರುದಿನ ಬೆಳಿಗ್ಗೆ ನೀಲವ್ವ ರಾತ್ರಿಯ ಪಾತ್ರೆಗಳನ್ನು ಮಣ್ಣು ಹಾಕಿ ತಿಕ್ಕುತ್ತಿದ್ದರು. ಚನ್ನವೀರಪ್ಪ ಆಗಲೇ ಹೊರಮುಖದ ಸೀಟಿನಲ್ಲಿ ಕುಳಿತಿದ್ದರು. ಎದುರಿಗೆ ಎರಡು ಕಿಲೋಮೀಟರ್ ದಾರಿ, ಬೆನ್ನಿಗೆ ಊರು, ಕನ್ನಡಿ ಇರಬೇಕಾದಲ್ಲಿ ಎರಡು ಬೋಲ್ಟಿನ ತೂತು. ಅವರು ಆ ತೂತುಗಳನ್ನು ನೋಡುತ್ತಿದ್ದರು.

ನೀಲವ್ವ ಒಂದು ಸ್ಟೀಲಿನ ತಾಟು ತೊಳೆದು, ಸೆರಗಿನಿಂದ ಒರೆಸಿ, ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಬಂದು ಗಂಡನ ಎಡಕ್ಕೆ ಕುಳಿತು ಅದನ್ನು ಎದೆಯ ಮುಂದೆ ನೆಟ್ಟಗೆ ಹಿಡಿದರು.

“ಇದು ಕನ್ನಡಿ ಅಲ್ಲ,” ಎಂದರು. ಗಂಡನಿಗೆ ಹೇಳಿದರೋ ಊರಿಗೆ ಹೇಳಿದರೋ ಗೊತ್ತಾಗಲಿಲ್ಲ. “ಉಣ್ಣೋ ತಾಟು. ಗಾಡೀದೂ ಅಲ್ಲ, ನಂದು.”

ನಾನು ಗಡಿಯಾರ ನೋಡಿದೆ. ಏಳು ಗಂಟೆ ಐವತ್ತೆರಡು ನಿಮಿಷ. ಚನ್ನವೀರಪ್ಪ ಚಾವಿ ತಿರುವಿದರು, ಎಂಜಿನ್ ಹೊತ್ತಿಕೊಂಡಿತು. ಜೀಪು ಹೊರಟಿತು. ನಲವತ್ತು ಸೆಕೆಂಡು ಎಣಿಸಿದೆ, ನಿಲ್ಲಲಿಲ್ಲ. ಎರಡನೇ ಗೇರು, ಮೂರನೇ ಗೇರು. ಮುಂದಕ್ಕೆ ಓಡಿಸುವಾಗ ಮೊದಲ ಬಾರಿಗೆ ಅವರು ಸೀಟಿನಲ್ಲಿ ತಿರುಗದೆ ನೇರವಾಗಿ ಕುಳಿತಿದ್ದರು. ಕತ್ತು ತನ್ನಷ್ಟಕ್ಕೆ ಎಡಕ್ಕೆ, ಕಣ್ಣು ತಾಟಿನಲ್ಲಿ. ದಾರಿಯನ್ನು ನೀಲವ್ವ ನೋಡುತ್ತಿದ್ದರು, “ತುಸು ಬಲಕ್ಕ, ಕಲ್ಲೈತಿ,” ಎನ್ನುತ್ತಿದ್ದರು.

ಆಮೇಲೆ ಚನ್ನವೀರಪ್ಪ ಕೇಳಿದರು. “ನೀಲಾ, ಇದ್ಯಾವ ಊರು?”

“ನಮ್ಮೂರ್ರಿ. ಮತ್ಯಾವುದಿರ್ತೈತಿ?”

“ಅಲ್ಲ. ನಮ್ಮೂರಾಗ ಟ್ಯಾಂಕ್ ಎಡಕ್ಕೈತಿ. ಇಲ್ಲಿ ಬಲಕ್ಕೈತಿ ನೋಡು. ಗಿರಣಿ ಆ ಕಡೆ ಐತಿ.”

ನಾನು ತಿರುಗಿ ಬಗ್ಗಿ ತಾಟನ್ನು ನೋಡಿದೆ. ಅವರು ಹೇಳಿದ್ದು ನಿಜವಾಗಿತ್ತು. ಸ್ಟೀಲಿನಲ್ಲಿ ಊರು ತುಸು ಮಸುಕಾಗಿತ್ತು, ಆದರೆ ಬಿಳಿಯ ಟ್ಯಾಂಕು ಖಚಿತವಾಗಿ ಬಲಕ್ಕಿತ್ತು. ಕನ್ನಡಿಯಲ್ಲಿ ಎಡಬಲ ಅದಲುಬದಲಾಗುತ್ತದೆ ಎಂದು ವಿವರಿಸಲು ಹೊರಟೆ. ನೀಲವ್ವ ನನ್ನ ಕಡೆ ಒಮ್ಮೆ ನೋಡಿದರು, ಸುಮ್ಮನಾದೆ.

“ಚಲೋ ಊರೈತಿ,” ಎಂದರು ಚನ್ನವೀರಪ್ಪ. “ಸಣ್ಣಕ ಆಗಾಕತ್ತೈತಿ ನೋಡು.”

ನೆತ್ತಿಯ ದಾರಿ ಮುಗಿದು ಇಳಿಜಾರು ಶುರುವಾದಲ್ಲಿ ಊರು ತಾಟಿನಿಂದ ಹೋಯಿತು. ಅವರು ನಿಲ್ಲಿಸಿದರು, ಊರ ಕಡೆಗಿನ ಸೀಟಿಗೆ ಹೋದರು, ಹೊರಟಿದ್ದ ಜಾಗಕ್ಕೆ ಜೀಪನ್ನು ಮರಳಿ ತಂದರು, ಮತ್ತೆ ಹೊರಮುಖದ ಸೀಟಿಗೆ ಬಂದು ಕುಳಿತರು. ಹೀಗೆ ಆರು ಸಲ. ನೀಲವ್ವ ಪ್ರತಿ ಸಲವೂ ತಾಟು ಹಿಡಿದರು. ಮೂರನೆಯ ಸಲಕ್ಕೆ ಕೈ ಸೋತು ಮೊಣಕೈಯನ್ನು ಮಡಿಲಿನಲ್ಲಿ ಊರಿಕೊಂಡರು. ಊರಿಗೆ ಮರಳಲು ಬೇಕಾದಷ್ಟೇ ಡೀಸೆಲ್ ಉಳಿದಿದೆ ಎಂದು ದಾವಲಸಾಬ ಹೇಳಿದಾಗ ಹತ್ತೂಮುಕ್ಕಾಲು.

ಚನ್ನವೀರಪ್ಪನವರ ಲೈಸೆನ್ಸು ಇನ್ನೂ ಎಂಟು ಗಂಟೆ ಜೀವಂತವಾಗಿತ್ತು. ಇಳಿಯುವ ದಾರಿಯನ್ನು ಅವರೇ ಓಡಿಸಬಹುದಿತ್ತು. ಅವರು ಚಾವಿಯನ್ನು ದಾವಲಸಾಬರ ಕೈಗೆ ಇಟ್ಟರು.

“ನೀ ಹೊಡಿ. ಬರೋ ದಾರಿ ನಾ ಭಾಳ ಹೊಡದೀನಿ. ನಾನು ಈ ಕಡೆ ಕೂಡ್ತೀನಿ.”

ಹೀಗಾಗಿ ದಾವಲಸಾಬ ಊರನ್ನು ನೋಡುತ್ತ ಓಡಿಸಿದರು, ಚನ್ನವೀರಪ್ಪ ಹಿಂದಿನ ಸೀಟಿನಲ್ಲಿ ಗುಡ್ಡವನ್ನು ನೋಡುತ್ತ ಕುಳಿತರು, ತಾಟನ್ನು ತಾವೇ ಹಿಡಿದುಕೊಂಡರು. ತಿರುವುಗಳಲ್ಲಿ ನಾವು ಸೀಟು ಬದಲಿಸಿದಾಗ ಅವರು ತಾಟಿನ ದಿಕ್ಕು ಬದಲಿಸುತ್ತಿದ್ದರು. ಬಯಲಿಗೆ ಇಳಿದ ಮೇಲೆ ಟ್ಯಾಂಕು ಬಲಗಡೆಯಿರುವ ಆ ಊರು ತಾಟಿನೊಳಗೆ ನಿಧಾನಕ್ಕೆ ದೊಡ್ಡದಾಗತೊಡಗಿತು.

“ಹತ್ರ ಬರಾಕತ್ತೈತಿ,” ಎನ್ನುತ್ತಿದ್ದರು ಆಗಾಗ.

ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ಕಲ್ಲು ದಾಟಿದೆವು. ಚಹಾದಂಗಡಿಯವರು ಎದ್ದು ನಿಂತರು. ಯಾರೋ “ಏನಾತ್ರೀ?” ಎಂದು ಕೂಗಿದರು. ಚನ್ನವೀರಪ್ಪ ತಾಟಿನಿಂದ ಕಣ್ಣು ತೆಗೆಯದೆ, ಪರ ಊರಿನ ಜನಕ್ಕೆ ಮಾಡುವ ಹಾಗೆ, ತುಸು ಅಳುಕಿನಿಂದ ನಮಸ್ಕಾರ ಮಾಡಿದರು. ಮಾರ್ಕೆಟ್ಟು ದಾಟಿದೆವು, ಓಣಿಗೆ ಹೊರಳಿದೆವು. ದಾವಲಸಾಬ ಚನ್ನವೀರಪ್ಪನವರ ಮನೆಯ ಮುಂದೆ ಜೀಪು ನಿಲ್ಲಿಸಿದರು. ನೀಲವ್ವ ಇಳಿದು ಕೀಲಿ ತೆಗೆದು ಒಳಗೆ ಹೋದರು. ಚನ್ನವೀರಪ್ಪ ಇಳಿಯಲಿಲ್ಲ. ನಾನು ಹೋಗಿ ಕರೆಯಬೇಕೆಂದಿದ್ದೆ, ದಾವಲಸಾಬ ನನ್ನ ತೋಳು ಹಿಡಿದರು.

ಸ್ವಲ್ಪ ಹೊತ್ತಿಗೆ ನೀಲವ್ವ ಬಾಗಿಲಿಗೆ ಬಂದು ನಿಂತರು. ಬೆನ್ನು ಮಾಡಿ ಕುಳಿತಿದ್ದ ಚನ್ನವೀರಪ್ಪ ಅವರನ್ನು ತಾಟಿನಲ್ಲಿ ಕಂಡರು.

“ಅವ್ವಾರ,” ಎಂದರು ತಾಟಿಗೆ, “ಒಂದ್ ತಂಬಿಗಿ ನೀರು ಸಿಗ್ತೈತೇನ್ರಿ? ಪರ ಊರಿಂದ ಬಂದೀನಿ.”

ನೀಲವ್ವ ಬಾಗಿಲಲ್ಲಿ ನಿಂತೇ ಇದ್ದರು. ಎಷ್ಟು ಹೊತ್ತೆಂದು ನಾನು ಎಣಿಸಲಿಲ್ಲ.

“ಯಾವೂರ್ರಿ ನಿಮ್ಮದು?”

“ಇಲ್ಲೇ ರಿ. ಟ್ಯಾಂಕ್ ಎಡಕ್ಕಿರೋ ಊರು. ನಾನು ಅಲ್ಲಿ ಬಸ್ಸಿನ ಡ್ರೈವರ್ ಇದ್ದೆ.”

“ಹೌದೇನು,” ಎಂದು ನೀಲವ್ವ ಸೆರಗಿನಿಂದ ಕೈ ಒರೆಸಿಕೊಂಡರು. “ಭಾಳ ದೂರದಿಂದ ಬಂದೀರಿ. ದಣಿದಂಗ ಕಾಣ್ತೀರಿ. ಅಲ್ಲೇ ಯಾಕ ಕುಂತೀರಿ, ಒಳಗ ಬರ್ರಿ.”